ಎಸ್. ಜಮಾದಾರ್: ಒಂದು ಹುದ್ದೆಯ ಹೆಸರಿನ ಸುತ್ತ

ನಮ್ಮ ಮನೆಯಲ್ಲಿ ಒಬ್ಬರು ಜಮಾದಾರರಿದ್ದರು. ನನ್ನ ತಾತನ ತಂದೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ನಡುಮನೆಯ ಗೋಡೆಯ ಮೇಲೆ ಅವರದೊಂದು ಫೋಟೋ ಇದೆ: ತಲೆಗೆ ಪೇಟ, ಮೈಮೇಲೆ ಕುತ್ತಿಗೆವರೆಗೂ ಗುಂಡಿ ಹಾಕಿದ ಕೋಟು, ಎದೆಯ ಎಡಭಾಗದಲ್ಲಿ ಹಿತ್ತಾಳೆ ಬಿಲ್ಲೆ. ಪಾದಗಳು ಫೋಟೋದಲ್ಲಿ ಬಂದಿಲ್ಲ. ನಮ್ಮಲ್ಲಿ ಯಾರದೇ ಮದುವೆ ಮಾತುಕತೆ ನಡೆದರೂ ದೊಡ್ಡಪ್ಪ ಒಂದು ಸಲವಾದರೂ ಆ ಗೋಡೆಯ ಕಡೆ ಕೈ ತೋರಿಸುತ್ತಾರೆ. "ನಮ್ ತಾತ ಬ್ರಿಟಿಷರ ಕಾಲದಲ್ಲೇ ರೈಲ್ವೇಲಿ ಶಂಟಿಂಗ್ ಜಮಾದಾರ್. ಇಂಜಿನ್ನು ಅವರು ಬಾವುಟ ಬೀಸಿದ್ರೇನೇ ಅಲ್ಲಾಡ್ತಿತ್ತು." ಬಂದವರು ತಲೆ ಅಲ್ಲಾಡಿಸುತ್ತಾರೆ. ಶಂಟಿಂಗ್ ಜಮಾದಾರ್ ಎಂದರೇನೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ. ಜಮಾದಾರ್ ಅನ್ನುವ ಮಾತಿನ ತೂಕ ಸಾಕಿತ್ತು.

ಹೋದ ವರ್ಷ ಅಣ್ಣನ ಮಗಳಿಗೆ ಶಾಲೆಯಲ್ಲಿ ವಂಶವೃಕ್ಷದ ಚಾರ್ಟು ಬರೆದು ತರಲು ಹೇಳಿದರು. ನಾಲ್ಕು ತಲೆಮಾರು, ಪ್ರತಿಯೊಬ್ಬರ ಹೆಸರು, ಊರು, ಉದ್ಯೋಗ. ಬಸವನಗುಡಿಯ ಶಾಲೆ. ಅಂಥ ಕಡೆ ಈ ಬಗೆಯ ಚಾರ್ಟು ಬಹಳ ಸಲೀಸಾದ ಕೆಲಸವೆಂದು ಟೀಚರುಗಳು ತಿಳಿದಿರುತ್ತಾರೆ. ನಾನು ಚರಿತ್ರೆಯ ಮೇಷ್ಟರಾದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ನನಗೂ ಉತ್ಸಾಹವೇ. ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅದರಲ್ಲಿ ಮೂರು ವಸ್ತು ಸಿಕ್ಕವು. ಒಂದು, ಫೋಟೋದಲ್ಲಿರುವ ಅದೇ ಬಿಲ್ಲೆ, ನಂಬರು ಸವೆದುಹೋದದ್ದು. ಎರಡು, 1960ರಲ್ಲಿ ನಿವೃತ್ತರಾದಾಗ ಕೊಟ್ಟ ಸರ್ವಿಸ್ ಸರ್ಟಿಫಿಕೇಟು. ಮೂರು, 1956ರ ಒಂದು ರೈಲ್ವೆ ಪಾಸು. ಸರ್ಟಿಫಿಕೇಟಿನಲ್ಲಿ ಹುದ್ದೆ ಎಂಬ ಜಾಗದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಎಸ್. ಜಮಾದಾರ್.

ಈ ಲೇಖನ ಆ 'ಎಸ್' ಎಂಬ ಒಂದು ಅಕ್ಷರದ ಬಗ್ಗೆ.

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಇದೇನು ರೈಲ್ವೆ ಪುರಾಣ ಎಂದು ಗೆಳೆಯರು ಕೇಳಬಹುದು. ನನ್ನ ತಕರಾರು ಇಷ್ಟೇ. ನಾವು ಕಾವ್ಯವನ್ನು ಓದುವುದು ಕಲಿತೆವು, ಕಾದಂಬರಿಯಲ್ಲಿ ಯಾರು ಯಾರ ಕಣ್ಣಿಂದ ಕಾಣುತ್ತಿದ್ದಾರೆ ಎಂದು ಕೇಳುವುದು ಕಲಿತೆವು, ಆತ್ಮಕಥನಗಳನ್ನು ಸಾಕ್ಷ್ಯವೆಂದು ಎದೆಗಪ್ಪಿಕೊಂಡೆವು. ಆದರೆ ನಮ್ಮ ಹಿರೀಕರು ಅಕ್ಷರದಲ್ಲಿ ಮೊದಲು ಕಾಣಿಸಿಕೊಂಡದ್ದು ಇವುಗಳಲ್ಲಿ ಅಲ್ಲ. ನಮಗೆ ಶಾಸನವಿಲ್ಲ, ಕೈಫಿಯತ್ತಿಲ್ಲ, ಮಠದ ಗುರುಪರಂಪರೆಯಿಲ್ಲ, ಗಯೆಯ ಪಂಡರ ಪುಸ್ತಕದಲ್ಲಿ ಹೆಸರಿಲ್ಲ. ನಮ್ಮವರ ಹೆಸರು ಮೊದಲು ಮಸಿ ಕಂಡದ್ದು ಕೆಲಸ ಕೊಟ್ಟವರ ಲೆಕ್ಕದ ಪುಸ್ತಕದಲ್ಲಿ. ಹೆಸರಿನ ಪಕ್ಕ ಹೆಬ್ಬೆಟ್ಟು, ಹೆಬ್ಬೆಟ್ಟಿನ ಪಕ್ಕ ಹುದ್ದೆ. ಆ ಹುದ್ದೆಯ ಹೆಸರನ್ನು ಒಂದು ಪಠ್ಯವೆಂದು ಓದದೆ ಹೋದರೆ ನಮ್ಮ ಚರಿತ್ರೆಯ ಮೊದಲ ಪುಟವನ್ನೇ ಹಾರಿಸಿ ಮುಂದೆ ಹೋದಂತೆ.

ಮೊದಲು ಹಳಿಯ ಮಾತು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಜೋಲಾರ್‌ಪೇಟೆಯಿಂದ ದಂಡಿಗೆ, ಮದ್ರಾಸ್ ರೈಲ್ವೆ ಕಂಪನಿಯದು. ಪೇಟೆಯ ಕಡೆಯಿಂದ ಮೈಸೂರಿಗೆ ಹೋಗುವ ಹಳಿಯ ಹುಟ್ಟು ಬೇರೆ. ಅದು 1876-78ರ ದೊಡ್ಡ ಬರದ ಕೂಸು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರನ್ನು ನುಂಗಿದ ಆ ಬರದಲ್ಲಿ ಜನಕ್ಕೆ ಕೂಲಿ ಕೊಡುವ ಕಾಮಗಾರಿಯಾಗಿ ಮೈಸೂರು ಸಂಸ್ಥಾನದ ರೈಲು ಮಾರ್ಗದ ಮಣ್ಣು ಎದ್ದಿತು. 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. ಅಂದರೆ ಈ ಹಳಿಯ ಮೇಲೆ ನಮ್ಮವರ ಮೊದಲ ಕೆಲಸಕ್ಕೆ ಹುದ್ದೆಯ ಹೆಸರೇ ಇರಲಿಲ್ಲ. ಬರದ ಕೂಲಿ ಅಷ್ಟೆ. ತಲೆಯೆಣಿಕೆಗೆ ಬಂದವರು, ಹೆಸರಿಗೆ ಬಂದವರಲ್ಲ. 1884ರಲ್ಲಿ ತುಮಕೂರಿಗೆ, 1889ರಲ್ಲಿ ಹರಿಹರಕ್ಕೆ ಹಳಿ ಹೋಯಿತು. ಮಲ್ಲೇಶ್ವರಂ ಎಂಬ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ನಂತರ. ಮಲ್ಲೇಶ್ವರಂಗಿಂತ ಹಳಿಯೇ ಹಿರಿದು. ಆಮೇಲೆ ಹಳಿಯ ಆ ಕಡೆ ಮಲ್ಲೇಶ್ವರಂ, ಈ ಕಡೆ ಶ್ರೀರಾಮಪುರ, ಓಕಳಿಪುರ ಅಂತ ಆಯಿತು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಈ ಕಡೆಯ ಪರಿಚಯ ಇದ್ದೇ ಇರುತ್ತದೆ. ಹಳ್ಳಿಯಲ್ಲಿ ಊರಿಗೂ ಕೇರಿಗೂ ನಡುವೆ ಒಂದು ಹಳ್ಳವೋ ಬೇಲಿಯೋ ಇರುತ್ತಿತ್ತು. ಇಲ್ಲಿ ಮೀಟರ್‌ಗೇಜು.

ಈ ಹಳಿಗಳನ್ನು ನಡೆಸಿದವರು ಬದಲಾಗುತ್ತ ಹೋದರು. 1886ರಲ್ಲಿ ಸಂಸ್ಥಾನ ತನ್ನ ಮಾರ್ಗಗಳನ್ನು ಸದರನ್ ಮರಾಠಾ ಕಂಪನಿಗೆ ವಹಿಸಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜತೆ ಸೇರಿ ಎಂ.ಎಸ್.ಎಂ. ಆಯಿತು. 1919ರಿಂದ ಶುರುವಾಗಿ 1938ರ ಹೊತ್ತಿಗೆ ಮೈಸೂರು ಸರ್ಕಾರ ಹಂತಹಂತವಾಗಿ ಮಾರ್ಗಗಳನ್ನು ವಾಪಸು ತೆಗೆದುಕೊಂಡಿತು. 1951ರ ಏಪ್ರಿಲ್ 14ರಂದು ಮೈಸೂರು ರೈಲ್ವೆ ಸದರನ್ ರೈಲ್ವೆಯಲ್ಲಿ ಸೇರಿತು. (ಬಾಬಾಸಾಹೇಬರ ಹುಟ್ಟುಹಬ್ಬದ ದಿನ, ಸರ್ಕಾರಕ್ಕೆ ಆಗ ಅದು ನೆನಪಿದ್ದಿರಲಾರದು.) 2003ರಿಂದ ನಮ್ಮದು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆ. ನಮ್ಮ ಮುತ್ತಾತ ಕೆಲಸಕ್ಕೆ ಸೇರಿದ್ದು 1927ರಲ್ಲಿ, ಬಿಟ್ಟದ್ದು 1960ರಲ್ಲಿ. ಒಂದೇ ಸ್ಟೇಷನ್ನಿನಲ್ಲಿ ನಿಂತುಕೊಂಡೇ ಮೂರು ಆಡಳಿತ ಕಂಡರು. ಹುಡುಕುವವರಿಗೆ ಇದು ಮುಖ್ಯ. ಒಂದೇ ಮನುಷ್ಯನ ಕಾಗದ ಮೂರು ಕಡೆ ಹಂಚಿಹೋಗಿರುತ್ತದೆ, ಒಂದೇ ಕೆಲಸಕ್ಕೆ ಮೂರು ಹೆಸರು ಬಿದ್ದಿರುತ್ತದೆ.

ಯಾರ ಹೆಸರು ಸುಲಭವಾಗಿ ಸಿಗುತ್ತದೆ ಎಂಬುದೂ ಒಂದು ಪಾಠವೇ. ಇಂಗ್ಲೆಂಡಿನಿಂದ ನೇಮಕವಾಗಿ ಬಂದ ಡ್ರೈವರು, ಫೋರ್‌ಮನ್ನುಗಳ ಕರಾರು ಪತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಮರಿಮಕ್ಕಳು ಅಲ್ಲಿ ಕೂತು ತಮ್ಮ ವಂಶ ಹುಡುಕುತ್ತಾರೆ. ನಮ್ಮ ವಿಧಾನಸೌಧದ ಪತ್ರಾಗಾರದಲ್ಲಿರುವ ಮೈಸೂರಿನ ಆಡಳಿತ ವರದಿಗಳನ್ನು ತೆಗೆದರೆ ರೈಲ್ವೆಯ ಮೈಲಿ, ಆದಾಯ, ಖರ್ಚು ಸಿಗುತ್ತವೆ. ಅಧಿಕಾರಿಗಳ ಪಟ್ಟಿಗಳು ಅಚ್ಚಾಗಿವೆ. ಕೆಳಗಿನವರು ಅಚ್ಚಿನಲ್ಲಿಲ್ಲ. ಅವರಿಗೆ ಆಗ ಇದ್ದ ಅಧಿಕೃತ ಹೆಸರೇ 'ಇನ್‌ಫೀರಿಯರ್ ಸರ್ವೆಂಟ್ಸ್'. ಕೀಳು ನೌಕರರು. ಇದು ಬಯ್ಗುಳವಲ್ಲ, ರೂಲು ಪುಸ್ತಕದ ಮಾತು. ಸ್ವಾತಂತ್ರ್ಯದ ಹೊತ್ತಿಗೆ ಬಂದ ಮೊದಲ ವೇತನ ಆಯೋಗ ಈ ಮಾತು ಬೇಡವೆಂದು ಕ್ಲಾಸ್ ಫೋರ್ ಅಂದಿತು. 1970ರ ದಶಕದಲ್ಲಿ ಅದು ಗ್ರೂಪ್ ಡಿ ಆಯಿತು. ಆರನೇ ವೇತನ ಆಯೋಗದ ಮೇಲೆ ಡಿ ಕೂಡ ಹೋಗಿ ಎಲ್ಲರೂ ಗ್ರೂಪ್ ಸಿ ಆದರು.

ಚಾಮರಾಜಪೇಟೆಯ ನಮ್ಮ ಕಾಲೇಜಿನಲ್ಲಿ ಈ ಚಾರ್ಟಿನ ಗುಂಗಿನಲ್ಲೇ ವಿದ್ಯಾರ್ಥಿಗಳಿಗೂ ಹೇಳಿದೆ: ಮನೆಯಲ್ಲಿ ಯಾರಾದರೂ ರೈಲ್ವೆಯವರಿದ್ದರೆ ಅವರ ಹಳೇ ಕಾಗದ ತನ್ನಿ. ಮಾಗಡಿ ರಸ್ತೆ, ಬಿನ್ನಿಪೇಟೆ, ಓಕಳಿಪುರದ ಹುಡುಗ ಹುಡುಗಿಯರು ತಂದರು. ಬಸವನಗುಡಿಯ ಒಬ್ಬ ಹುಡುಗನೂ ತಂದ. ಅವನ ಮುತ್ತಜ್ಜ ಮೊದಲು ಸಿಗ್ನಲರ್, ಆಮೇಲೆ ಸ್ಟೇಷನ್ ಮಾಸ್ಟರ್. ಸಿಗ್ನಲರ್ ಎಂದರೆ ಕೈಮರ ಎಳೆಯುವವನೆಂದು ನಾನು ತಿಳಿದಿದ್ದೆ. ಆ ಹುಡುಗನೇ ತಿದ್ದಿದ: "ಅಲ್ಲ ಸಾರ್, ಟೆಲಿಗ್ರಾಫ್ ಕಟ್ಟೆ ಕುಟ್ಟೋರು. ಮನೇಲಿ ಎಲ್ಲರಿಗೂ ಗೊತ್ತು." ಅವರ ಮನೆಯಲ್ಲಿ ವರ್ಗವಾಗಿ ಹೋಗುವಾಗ ಊರಿನವರು ಕೊಟ್ಟ ಬಿನ್ನವತ್ತಳೆಗೆ ಕಟ್ಟು ಹಾಕಿಸಿ ಇಟ್ಟಿದ್ದಾರಂತೆ. ಉಳಿದವರ ಮನೆಗಳಲ್ಲಿ ಗೊತ್ತಿರಲಿಲ್ಲ. ಒಬ್ಬಳ ಅಜ್ಜ ಕೀಮನ್. ಸ್ಟೇಷನ್ನಿನ ಬೀಗದ ಕೈಗಳೆಲ್ಲ ಅವರ ಹತ್ತಿರವೇ ಇರುತ್ತಿದ್ದವೆಂದು ಮನೆಯಲ್ಲಿ ಹೇಳುತ್ತಾರಂತೆ. ಕೀಮನ್ನಿನ ಕೀ ಬೀಗದ್ದಲ್ಲ. ಕಂಬಿಯನ್ನು ಅದರ ಆಸನಕ್ಕೆ ಬಿಗಿಯುವ ಬೆಣೆ. ಅವನು ಸುತ್ತಿಗೆ ಹೆಗಲಿಗೆ ಹಾಕಿಕೊಂಡು ದಿನವೂ ತನ್ನ ಗ್ಯಾಂಗಿನ ಮೈಲಿಗಳನ್ನೆಲ್ಲ ನಡೆದು ಸಡಿಲಾದ ಬೆಣೆಗಳನ್ನು ಬಡಿಯಬೇಕು. ಇನ್ನೊಬ್ಬನ ತಾತ ಫೈರ್‌ಮನ್. ಮನೆಯವರು ಬೆಂಕಿ ಆರಿಸುವವರು ಎಂದುಕೊಂಡಿದ್ದರು, ಅವರು ಮಾಡಿದ್ದು ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎತ್ತಿ ಹಾಕಿ ಬೆಂಕಿ ಉರಿಸುವುದು. ಮೇಟ್ ಅಂದರೆ ಗೆಳೆಯನಲ್ಲ, ಗ್ಯಾಂಗಿನ ಮೇಸ್ತ್ರಿ. ಖಲಾಸಿ ಎಂಬುದು ಹಡಗಿನವರಿಂದ ಬಂದ ಮಾತು. ಶೆಡ್ಡಿನಲ್ಲಿ, ವರ್ಕ್‌ಶಾಪಿನಲ್ಲಿ ಕಸುಬುದಾರನ ಕೈಕೆಳಗೆ ಎತ್ತುವ, ಹಿಡಿಯುವ, ಒರೆಸುವ ಆಳು. ಕಾಲ್ ಬಾಯ್ ಎಂದರೆ ನಡುರಾತ್ರಿಯಲ್ಲಿ ಡ್ರೈವರು ಗಾರ್ಡುಗಳ ಮನೆ ಬಾಗಿಲು ತಟ್ಟಿ ಎಬ್ಬಿಸುವವನು. ಬಾಯ್ ಅಂದರೂ ಅವನಿಗೆ ನಲವತ್ತು ವರ್ಷ ಆಗಿರಬಹುದು.

ಒಬ್ಬ ಹುಡುಗಿ ತಂದ ಕಾಗದದಲ್ಲಿ ಸಿ.ಎಲ್. ಎಂದಿತ್ತು. ಅವರಮ್ಮ ಅದನ್ನು ಕ್ಲರ್ಕ್ ಎಂದು ಓದಿ ಮಗಳಿಗೂ ಹಾಗೇ ಹೇಳಿದ್ದರು. ಅದು ಕ್ಯಾಶುಯಲ್ ಲೇಬರ್. ಕಾಯಂ ಅಲ್ಲದ ದಿನಗೂಲಿ. ಯೋಜನೆ ಕೆಲಸಗಳ ಇಂಥ ಕೂಲಿಗಳನ್ನು ವರ್ಷಗಟ್ಟಲೆ ಕ್ಯಾಶುಯಲ್ ಆಗಿಯೇ ಇಟ್ಟುಕೊಳ್ಳುವುದರ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬರಲು 1985 ಆಗಬೇಕಾಯಿತು. ಆ ಹುಡುಗಿಗೆ ನಾನು ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದೆ. ಅವಳು, "ಅಮ್ಮಂಗೆ ಹೇಳಲ್ಲ ಸಾರ್" ಅಂದಳು. ಬೇರೆಯವರ ಮನೆಯ ಒಂದು ಅಕ್ಷರವನ್ನು ಬಿಡಿಸುವಾಗ ಇದ್ದ ಧೈರ್ಯ ನನ್ನ ಮನೆಯ ಅಕ್ಷರಕ್ಕೆ ಬಂದಾಗ ಇರಲಿಲ್ಲವೆಂದು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಯಾಕೆಂದರೆ ಅಷ್ಟರಲ್ಲಿ ನನಗೆ ಅನುಮಾನ ಬಂದಿತ್ತು. ಜಮಾದಾರ ಎಂಬ ಮಾತು ಬಹಳ ಅಲೆದಾಡಿದ್ದು. ಸೈನ್ಯದಲ್ಲಿ ಅದು ಬ್ರಿಟಿಷರ ಕಾಲದಲ್ಲಿ ಭಾರತೀಯನೊಬ್ಬ ಏರಬಹುದಾಗಿದ್ದ ಅಧಿಕಾರಿ ದರ್ಜೆ. ಕಚೇರಿಯಲ್ಲಿ ಜವಾನರ ಮೇಲಿನವನು. ರೈಲ್ವೆಯ ಯಾರ್ಡಿನಲ್ಲಿ ಶಂಟಿಂಗ್ ಜಮಾದಾರ್: ಗಾಡಿಯ ಡಬ್ಬಿಗಳನ್ನು ಬಿಚ್ಚಿ, ಕೂಡಿಸಿ, ಇಂಜಿನ್ನಿಗೆ ಕೈಬಾವುಟ ತೋರಿಸಿ ಒಂದು ಲೈನಿನಿಂದ ಇನ್ನೊಂದಕ್ಕೆ ತೆಗೆಸುವವನು. ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ, ಇಂಜಿನ್ನು ಅವನ ಮಾತು ಕೇಳುತ್ತಿತ್ತು. ಆದರೆ ಅದೇ ಸ್ಟೇಷನ್ನಿನಲ್ಲಿ ಇನ್ನೊಬ್ಬ ಜಮಾದಾರ್ ಇರುತ್ತಿದ್ದ. ಸ್ಯಾನಿಟರಿ ಜಮಾದಾರ್. ಪ್ಲಾಟ್‌ಫಾರಂ, ಕಕ್ಕಸು, ಗಾಡಿ ಹೋದ ಮೇಲಿನ ಹಳಿ, ಇವುಗಳನ್ನು ತೊಳೆಯುವ ಗುಡಿಸುವವರ ಮೇಲಿನ ಮೇಸ್ತ್ರಿ. ಇಬ್ಬರಿಗೂ 'ಎಸ್'. ಬರೆಯುವ ಗುಮಾಸ್ತನಿಗೆ ಗೊಂದಲವಿರಲಿಲ್ಲ. ಯಾರು ಯಾವ ಎಸ್ ಎಂಬುದು ಆಳಿನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗೊಂದಲ ನಮಗೆ, ಅರವತ್ತು ವರ್ಷದ ಮೇಲೆ ಓದುವವರಿಗೆ. ಆ ಗೊಂದಲವನ್ನೇ ನಮ್ಮ ಮನೆ ಇಷ್ಟು ಕಾಲ ಜೋಪಾನವಾಗಿ ಕಾಪಾಡಿಕೊಂಡು ಬಂದಿತ್ತು.

ಸರ್ವಿಸ್ ರಿಜಿಸ್ಟರು ನೋಡೋಣವೆಂದು ಒಂದು ಕಚೇರಿಗೆ ಹೋದೆ. ಅಷ್ಟು ಹಿಂದಿನ ಕ್ಲಾಸ್ ಫೋರಿನವರದು ಇಟ್ಟಿರುವುದಿಲ್ಲ ಅಂದರು. ಅಲ್ಲಿದ್ದವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅನುಕಂಪದ ಕೆಲಸಾನಾ?" ಅಂದರು. ಚರಿತ್ರೆ ಅಂದೆ. ಅವರಿಗೆ ನಗು ಬಂತು. ಆಮೇಲೆ ಪಾಸನ್ನು ಮತ್ತೆ ತೆಗೆದು ನೋಡಿದೆ. ಇಲಾಖೆ ಎಂಬ ಕಡೆ 'ಮೆಡಿಕಲ್' ಎಂದು ಮೊಹರಿತ್ತು. ಅಣ್ಣ, "ಹಂಗಾದ್ರೆ ಕಾಂಪೌಂಡರ್ ಆಗಿದ್ರೇನೋ" ಅಂದ. ಒಂದು ಗಳಿಗೆ ನನಗೂ ಅದು ಬೇಕಾಗಿತ್ತು. ಕಡೆಗೆ ರೈಲ್ವೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಪರಿಚಯದವರೊಬ್ಬರು ಪಾಸು ನೋಡಿ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಸ್ಟೇಷನ್ನಿನ ಚೊಕ್ಕಟದ ಕೆಲಸ ಮೆಡಿಕಲ್ ಇಲಾಖೆಯ ಕೆಳಗೆ ಬರುತ್ತದೆ. ಶಂಟಿಂಗಿನವರು ಟ್ರಾಫಿಕ್ ಇಲಾಖೆ. ಮೆಡಿಕಲ್ಲಿನ ಜಮಾದಾರ್ ಇಂಜಿನ್ನಿಗೆ ಬಾವುಟ ತೋರಿಸಲಾರ. ಹುದ್ದೆಯ ಹೆಸರು ಬಚ್ಚಿಟ್ಟದ್ದನ್ನು ಇಲಾಖೆಯ ಮೊಹರು ಬಿಟ್ಟುಕೊಟ್ಟಿತ್ತು. ರೈಲ್ವೆ ಕಾಗದ ಹುಡುಕುವವರಿಗೆ ನಾನು ಈಗ ಇದನ್ನೇ ಹೇಳುವುದು: ಹೆಸರನ್ನು ನಂಬಬೇಡಿ, ಇಲಾಖೆ ನೋಡಿ, ಯಾವ ಹುದ್ದೆಯಿಂದ ಏರಿ ಬಂದರು ನೋಡಿ.

ಏರುವ ವಿಷಯ ಬಂದಾಗ ನನಗೆ ಮನ್ಮಾಡ್ ನೆನಪಾಯಿತು. 1938ರ ಫೆಬ್ರವರಿ 12 ಮತ್ತು 13ರಂದು ಅಲ್ಲಿ ಜಿ.ಐ.ಪಿ. ರೈಲ್ವೆಯ ಅಸ್ಪೃಶ್ಯ ಕೆಲಸಗಾರರ ಸಮ್ಮೇಳನ ನಡೆಯಿತು. ಅಧ್ಯಕ್ಷರು ಅಂಬೇಡ್ಕರ್. ಕೆಲಸಗಾರರಿಗೆ ಇಬ್ಬರು ಶತ್ರುಗಳು, ಒಂದು ಬ್ರಾಹ್ಮಣಶಾಹಿ, ಇನ್ನೊಂದು ಬಂಡವಾಳಶಾಹಿ ಎಂದು ಅವರು ಹೇಳಿದ್ದು ಅಲ್ಲಿಯೇ. ಈ ಮಾತನ್ನು ನಾವೆಲ್ಲ ಭಾಷಣಗಳಲ್ಲಿ, ಪೋಸ್ಟರುಗಳಲ್ಲಿ ಸವೆಸಿದ್ದೇವೆ. ಅದೇ ಭಾಷಣದ ಇನ್ನೊಂದು ಭಾಗವನ್ನು ನಮ್ಮ ವಿಮರ್ಶಕರು ಅಷ್ಟಾಗಿ ಮುಟ್ಟಿಲ್ಲ. ಅಲ್ಲಿ ಅವರು ಹುದ್ದೆಗಳ ಲೆಕ್ಕ ತೆಗೆಯುತ್ತಾರೆ. ರೈಲ್ವೆಯಲ್ಲಿ ಅಸ್ಪೃಶ್ಯನು ಜೀವನಪೂರ್ತಿ ಗ್ಯಾಂಗ್‌ಮನ್ನಾಗಿಯೇ ಸವೆಯುತ್ತಾನೆ. ಪೋರ್ಟರ್ ಆಗುವುದೂ ಅವನಿಗೆ ಸಾಧ್ಯವಿಲ್ಲ. ಯಾಕೆ? ಸ್ಟೇಷನ್ ಮಾಸ್ಟರು ಪೋರ್ಟರಿನಿಂದ ಮನೆಗೆಲಸವನ್ನೂ ಮಾಡಿಸಿಕೊಳ್ಳುತ್ತಾನೆ. ಮಾಸ್ಟರು ಸವರ್ಣೀಯ, ಅವನ ಮನೆಯೊಳಕ್ಕೆ ಅಸ್ಪೃಶ್ಯ ಬರುವ ಹಾಗಿಲ್ಲ. ಆದ್ದರಿಂದ ಪೋರ್ಟರ್ ಕೆಲಸವೂ ಇಲ್ಲ. ಗುಮಾಸ್ತಿಕೆಯಲ್ಲಿ ಮೆಟ್ರಿಕ್ ಆಗದ ಬೇರೆಯವರನ್ನು ನೂರಾರು ಮಂದಿ ತೆಗೆದುಕೊಂಡರೂ ಮೆಟ್ರಿಕ್ ಆಗದ ಅಸ್ಪೃಶ್ಯನನ್ನು ತೆಗೆದುಕೊಳ್ಳುವುದಿಲ್ಲ. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕಾಗುವುದು ಅಪರೂಪ, ಮೇಸ್ತ್ರಿಯಾಗುವುದೂ ಅಪರೂಪ. ಕೂಲಿಯಾಗಿ ಬಂದವನು ಕೂಲಿ.

ಈ ಕಣ್ಣಿನಿಂದ ಮತ್ತೆ ಆ 'ಎಸ್' ನೋಡಿ. ಶಂಟಿಂಗ್ ಜಮಾದಾರ್ ಆಕಾಶದಿಂದ ಇಳಿಯುವುದಿಲ್ಲ. ಪೋರ್ಟರಾಗಿ ಸೇರಿ, ಪಾಯಿಂಟ್ಸ್‌ಮನ್ ಆಗಿ, ಆಮೇಲೆ ಜಮಾದಾರ್. ಏಣಿಯ ಮೊದಲ ಮೆಟ್ಟಿಲು ಸ್ಟೇಷನ್ ಮಾಸ್ಟರ ಅಡುಗೆಮನೆಯಲ್ಲಿತ್ತು. ಇಂಜಿನ್ನಿಗೆ ಬಾವುಟ ತೋರಿಸಲು ಜಾತಿ ಬೇಡ, ಕಣ್ಣು ಕೈ ಸಾಕು. ಆದರೆ ಆ ಬಾವುಟದವರೆಗೆ ಹೋಗುವ ದಾರಿ ಒಬ್ಬರ ಬಚ್ಚಲು, ಬಾವಿ, ಒಲೆಗಳನ್ನು ಹಾದು ಹೋಗುತ್ತಿತ್ತು. ರೈಲು ಜಾತಿಯನ್ನು ಮುರಿಯಿತು ಎಂದು ಪಠ್ಯಪುಸ್ತಕದಲ್ಲಿ ನಾವೇ ಪಾಠ ಮಾಡುತ್ತೇವೆ. ಒಂದೇ ಬೆಂಚಿನ ಮೇಲೆ ಎಲ್ಲರೂ ಕೂತರು ನಿಜ. ಪ್ರಯಾಣಿಕನ ಕಡೆಯಿಂದ ಬರೆದ ಚರಿತ್ರೆ ಅದು. ಆ ಪ್ರಯಾಣಿಕನಿಗೂ ಊಟದ ಹೊತ್ತಿಗೆ ಜಾತಿ ನೆನಪಾಗುತ್ತಿತ್ತು, ಎಂ.ಎಸ್.ಎಂ.ನ ಸ್ಟೇಷನ್ನುಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಎಂದಿದ್ದ ಊಟದ ಕೋಣೆಗಳ ಬೋರ್ಡು ಇಳಿಯಲು ಪೆರಿಯಾರ್ ಗದ್ದಲ ಎಬ್ಬಿಸಬೇಕಾಯಿತು, 1941 ಬರಬೇಕಾಯಿತು. ಸ್ಟೇಷನ್ನಿನ ವಾಟರ್‌ಮನ್ ಎಂಬ ಹುದ್ದೆಯ ಹೆಸರು ನಿಮ್ಮ ಮನೆಯ ಕಾಗದದಲ್ಲಿ ಕಂಡರೆ ಅಲ್ಲೂ ಇದನ್ನೇ ಕೇಳಿಕೊಳ್ಳಿ: ಯಾರ ಕೈಯ ನೀರನ್ನು ಎಲ್ಲರೂ ಕುಡಿಯುತ್ತಿದ್ದರು? ಗ್ಯಾಂಗ್‌ಮನ್, ಸ್ವೀಪರ್ ಎಂದು ಕಂಡರೆ, ಯಾರ ಕೈಯ ನೀರು ಯಾರಿಗೂ ಬೇಡವಾಗಿತ್ತು?

ಮನ್ಮಾಡ್ ಇರುವುದು ಮರಾಠಿ ಸೀಮೆಯಲ್ಲಿ; ಜಿ.ಐ.ಪಿ. ಬೇರೆ ಕಂಪನಿ. ಬೆಂಗಳೂರಿಗೆ ಅದನ್ನು ಹಾಗೇ ಹೊಂದಿಸಬಹುದೇ ಎಂದು ಸರಿಯಾಗಿಯೇ ಕೇಳಬಹುದು. ನನಗೂ ಆ ಅಳುಕಿತ್ತು. ಅದಕ್ಕೇ ಚಿಕ್ಕಜ್ಜಿಯ ಹತ್ತಿರ ಹೋದೆ. ತಾತನ ತಂಗಿ, ಈಗ ಎಂಬತ್ತು ದಾಟಿದ ಜೀವ, ಶ್ರೀರಾಮಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಪ್ಪನ ಕೆಲಸದ ಮಾತು ಎತ್ತಿದಾಗ ಮೊದಲು ಅವರು ದೊಡ್ಡಪ್ಪನ ಕಥೆಯನ್ನೇ ಹೇಳಿದರು. ನಾನು ಪಾಸು ಕೈಗೆ ಕೊಟ್ಟೆ. ಅವರಿಗೆ ಓದು ಬರುವುದಿಲ್ಲ. ಕಾಗದವನ್ನು ಮೂಸಿ ನೋಡಿದರು. ನಾನೇನು ಕಥೆ ಕಟ್ಟುತ್ತಿಲ್ಲ, ನಿಜವಾಗಿಯೂ ಮೂಗಿಗೆ ಹಿಡಿದರು.

"ಫಿನಾಯಿಲ್ ವಾಸನೆ ಹೋಗೈತೆ" ಅಂದರು.

ಆಮೇಲೆ ಹೇಳಿದ್ದು ಇಷ್ಟು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದುದು ಅವರೇ. ಪ್ಲಾಟ್‌ಫಾರಮ್ಮಿನ ಮೇಲೆ ಹೋಗುವ ಹಾಗಿರಲಿಲ್ಲ. ಗೂಡ್ಸ್ ಶೆಡ್ಡಿನ ಹಿಂದೆ ನಿಲ್ಲಬೇಕು, ಅಪ್ಪನೇ ಬರುತ್ತಿದ್ದರು. ಅಲ್ಲಿದ್ದ ನಲ್ಲಿಯನ್ನು ಮುಟ್ಟುವ ಹಾಗಿಲ್ಲ, ಪೋರ್ಟರೊಬ್ಬ ತಿರುಗಿಸಿದರೆ ಬೊಗಸೆಯೊಡ್ಡಬೇಕು. ಆ ಪೋರ್ಟರ್ ಯಾವ ಜನ ಎಂದು ಕೇಳಿದೆ. "ಅವ್ನೂ ಬಡವ್ನೇ. ಆದ್ರೆ ಮಾಸ್ತರ ಮನೇಗೆ ನೀರು ಸೇದಾಕ್ತಿದ್ದ. ನಮ್ಮಪ್ಪ ಹಾಕಂಗಿತ್ತಾ?" ನಾನು ಅವರಿಗೆ ಮನ್ಮಾಡ್ ಎಂಬ ಊರಿನ ಹೆಸರನ್ನೂ ಹೇಳಿರಲಿಲ್ಲ.

ಹಾಗಾದರೆ ಶಂಟಿಂಗ್ ಎಂದು ಹೇಳಿದವರು ಯಾರು? ಇಲ್ಲಿ ಚಿಕ್ಕಜ್ಜಿ ನಕ್ಕರು. ಅದು ನನ್ನ ತಾತ, ಅವರ ಅಣ್ಣ. ಸ್ಕೂಲಿಗೆ ಸೇರಿಸುವಾಗ ಹತ್ತು ವರ್ಷದ ಹುಡುಗ. ಹಳಿಯ ಆಚೆ ಕಡೆಯ ಒಂದು ಸ್ಕೂಲು. ಅಪ್ಪ ಏನು ಕೆಲಸ ಎಂದು ಮೇಷ್ಟರು ಕೇಳಿದರು. ಜಮಾದಾರ್ ಅಂದ. ಯಾವ ಜಮಾದಾರ್ ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರಂತೆ, ಬಿಲ್ಲೆ ಹಾಕಿಕೊಂಡು. ಹುಡುಗ ಅಪ್ಪನ ಮುಖ ನೋಡಿದ, ಶಂಟಿಂಗ್ ಅಂದ. ಅಪ್ಪ ಏನೂ ಹೇಳಲಿಲ್ಲ. ಮೇಷ್ಟರು ಬರೆದುಕೊಂಡರು. ಮುಂದೆ ಮನೆಯಲ್ಲೂ ಅಪ್ಪ ಆ ಮಾತನ್ನು ತಿದ್ದಲಿಲ್ಲ.

ನಮ್ಮ ವಿಮರ್ಶೆಯಲ್ಲಿ ಇಂಥದ್ದಕ್ಕೆ ಒಂದು ಸಿದ್ಧ ಮಾತಿದೆ: ಕೀಳರಿಮೆ, ಮೇಲ್ಜಾತಿಯ ಅನುಕರಣೆ. ನಾನೂ ಹಿಂದೆ ಬರೆದಿದ್ದೇನೆ. ಈಗ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಹುಡುಗ ಹೇಳಿದ್ದು ಬ್ರಾಹ್ಮಣನಾಗುತ್ತೇನೆಂದಲ್ಲ, ಸ್ಟೇಷನ್ ಮಾಸ್ಟರನ ಮಗನೆಂದೂ ಅಲ್ಲ. ಅಪ್ಪ ನ್ಯಾಯವಾಗಿ ಆಗಬಹುದಾಗಿದ್ದ, ದಾರಿ ಮುಚ್ಚಿದ್ದರಿಂದ ಆಗದೆಹೋದ ಒಂದು ಕೆಲಸವನ್ನು ಅವನಿಗೆ ಕೊಟ್ಟ. ಕಂಪನಿ ಕೊಡದ ಬಡ್ತಿಯನ್ನು ಮಗ ಕೊಟ್ಟ. ಇದು ಸುಳ್ಳೇ ಹೌದು, ಆದರೆ ಯಾವ ಸತ್ಯದ ಮುಂದೆ ನಿಂತು ಹೇಳಿದ ಸುಳ್ಳು ಎಂಬುದನ್ನು ಬಿಟ್ಟು ಬರೇ ಸುಳ್ಳು ಅಂತ ಬರೆಯಲಾರೆ. ಹಾಗೆಯೇ, ಇದನ್ನು ಪ್ರತಿರೋಧ ಎಂದು ದೊಡ್ಡ ಹೆಸರಿಟ್ಟು ಮೆರೆಸಲೂ ಮನಸ್ಸಿಲ್ಲ. ಯಾಕೆಂದರೆ ಆ ಸುಳ್ಳಿನ ಬೆಲೆಯನ್ನು ಇನ್ಯಾರೋ ಕೊಟ್ಟರು. ಮುತ್ತಾತನ ಕೈಕೆಳಗೆ ಪೊರಕೆ ಹಿಡಿದಿದ್ದ ಗಂಡಸರು ಹೆಂಗಸರು, ನಮ್ಮ ನೆಂಟರೇ ಆದವರು, ನಮ್ಮ ಮನೆಯ ಕಥೆಯಿಂದ ಹೊರಗೆ ಹೋದರು. ಶಂಟಿಂಗ್ ಜಮಾದಾರನಿಗೆ ಅಂಥ ನೆಂಟರು ಇರುವ ಹಾಗಿಲ್ಲವಲ್ಲ. ಎಷ್ಟೋ ಮದುವೆಗಳಿಗೆ ನಾವು ಅವರನ್ನು ಕರೆಯಲಿಲ್ಲ.

ಹೆಸರು ಬದಲಾಯಿಸುವ ಆಟವನ್ನು ನಾವೊಬ್ಬರೇ ಆಡಿದವರಲ್ಲ, ರೈಲ್ವೆ ನಮಗಿಂತ ಹೆಚ್ಚು ಆಡಿದೆ. ಸ್ವೀಪರ್ ಎಂಬುದು ಸಫಾಯಿವಾಲ ಆಯಿತು, ಹೌಸ್‌ಕೀಪಿಂಗ್ ಅಸಿಸ್ಟೆಂಟ್ ಆಯಿತು. ಗ್ಯಾಂಗ್‌ಮನ್ ಟ್ರ್ಯಾಕ್‌ಮನ್ ಆಗಿ ಈಗ ಟ್ರ್ಯಾಕ್ ಮೇಂಟೇನರ್. 2016ರ ರೈಲ್ವೆ ಬಜೆಟ್ಟಿನಲ್ಲಿ ಕೂಲಿಗಳಿಗೆ ಸಹಾಯಕ್ ಎಂದು ಹೆಸರಿಟ್ಟರು. 2022ರಲ್ಲಿ ಗಾರ್ಡು ಟ್ರೈನ್ ಮ್ಯಾನೇಜರಾದ. ಹೆಸರು ಹೋದರೆ ಅವಮಾನ ಹೋಗುವುದಾದರೆ ಒಳ್ಳೆಯದೇ. ಆದರೆ ಮಲ ಬಳಿಯುವ ಕೆಲಸವನ್ನು ನಿಷೇಧಿಸಿದ ಕಾನೂನು 1993ರಲ್ಲೇ ಬಂದಿತ್ತು. ಗಾಡಿಗಳ ಕಕ್ಕಸು ಹಳಿಯ ಮೇಲೆ ಬೀಳುತ್ತಲೇ ಇತ್ತು, ಅದನ್ನು ತೊಳೆಯುವವರು ಇದ್ದೇ ಇದ್ದರು. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರ ಹೊಸ ಕಾನೂನಿನ ವ್ಯಾಖ್ಯೆಯೊಳಕ್ಕೆ ರೈಲ್ವೆ ಹಳಿ ಎಂಬ ಮಾತು ಬಂತು. ಜತೆಗೇ, ಸಲಕರಣೆ ಮತ್ತು ರಕ್ಷಣಾ ಕವಚ ಕೊಟ್ಟು ಮಾಡಿಸಿದರೆ ಅಂಥವರನ್ನು ಮಲ ಬಳಿಯುವವರೆಂದು ಎಣಿಸುವ ಹಾಗಿಲ್ಲ ಎಂಬ ವಿವರಣೆಯೂ ಬಂತು. ಒಂದು ಜತೆ ಗ್ಲೌಸು ಹಾಕಿದರೆ ಹುದ್ದೆಯ ಹೆಸರು ಮಾಯ. 2014ರ ಮಾರ್ಚ್ 27ರ ತೀರ್ಪಿನಲ್ಲಿ ಹಳಿಗಳ ಮೇಲಿನ ಈ ಕೆಲಸ ಮುಗಿಸಲು ಕಾಲಮಿತಿಯ ಯೋಜನೆ ಹಾಕಿಕೊಳ್ಳಿ ಎಂದು ಕೋರ್ಟು ರೈಲ್ವೆಗೆ ಹೇಳಬೇಕಾಯಿತು. ಈಗ ಬಯೋ ಟಾಯ್ಲೆಟ್ಟುಗಳು ಬಂದಿವೆ. ಸ್ಟೇಷನ್ ತೊಳೆಯುವ ಕೆಲಸ ಬಹುಪಾಲು ಕಂಟ್ರಾಕ್ಟಿನವರದು. ಮುತ್ತಾತ ನಿಂತಿದ್ದ ಸ್ಟೇಷನ್ನಿಗೆ ಈಗ ಸಂಗೊಳ್ಳಿ ರಾಯಣ್ಣನ ಹೆಸರು. ಅಲ್ಲಿ ಪ್ಲಾಟ್‌ಫಾರಂ ಒರೆಸುತ್ತಿದ್ದ ಹೆಂಗಸೊಬ್ಬರನ್ನು ನಿಮ್ಮ ಹುದ್ದೆಯ ಹೆಸರೇನು ಅಂದೆ. ಬೆನ್ನು ತಿರುಗಿಸಿ ಅಂಗಿಯ ಮೇಲಿದ್ದ ಕಂಪನಿಯ ಹೆಸರು ತೋರಿಸಿದರು. ಅವರ ಮರಿಮಗಳ ಚಾರ್ಟಿಗೆ 'ಎಸ್' ಎಂಬ ಅಕ್ಷರವೂ ಸಿಗುವುದಿಲ್ಲ.

ನಮ್ಮ ಚಾರ್ಟಿಗೆ ಏನು ಬರೆಯುವುದೆಂದು ಮನೆಯಲ್ಲಿ ಜಗಳವೇ ಆಯಿತು. ದೊಡ್ಡಪ್ಪ ಪಾಸನ್ನು ನೋಡಲೂ ಒಪ್ಪಲಿಲ್ಲ. "ನೀನು ಓದ್ದೆ, ಲೆಕ್ಚರರ್ ಆದೆ, ನಿನಗೆ ಸಭೇಲಿ ಹೇಳ್ಕೊಂಡ್ರೆ ಚಪ್ಪಾಳೆ ಹೊಡೀತಾರೆ. ಆ ಮಗು ನಾಳೆ ಕ್ಲಾಸಲ್ಲಿ ಕೂರಬೇಕು ಕಣೋ. ಅದಕ್ಕೆ ಯಾರು ಚಪ್ಪಾಳೆ ಹೊಡೀತಾರೆ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ದಲಿತ ಲೇಖಕ ತನ್ನ ಗಾಯವನ್ನು ತೆರೆದು ತೋರಿಸಬೇಕೆಂದು ನಾವು ಸಂಕಿರಣಗಳಲ್ಲಿ ನಿರೀಕ್ಷಿಸುತ್ತೇವೆ. ಹನ್ನೊಂದು ವರ್ಷದ ಹುಡುಗಿಯಿಂದ ನಿರೀಕ್ಷಿಸುವುದಕ್ಕೆ ನಾವು ಯಾರು? ಅಣ್ಣ ಸುಮ್ಮನೆ 'ರೈಲ್ವೆ ನೌಕರರು' ಅಂತ ಬರಿ, ಮುಗೀತು ಅಂದ. ಅದೂ ಸುಳ್ಳಲ್ಲ.

ಹುಡುಗಿಯೇ ಚಿಕ್ಕಜ್ಜಿಯನ್ನು ಕೇಳುತ್ತೇನೆಂದಳು. ಭಾನುವಾರ ಇಬ್ಬರೂ ಹೋದೆವು. ಚಿಕ್ಕಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಯಾನಿಟರಿ ಅಂತಾನೇ ಬರ್ಕೊ ಅಂದರು. ನಾಲಿಗೆಯಲ್ಲಿ ಅದು 'ಸಾನಿಟ್ರಿ' ಆಗಿತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹನ್ನೊಂದು ಜನ ಇದ್ರು ಅವನ ಕೈಕೆಳಗೆ, ಅದನ್ನೂ ಬರಿ. ಅದ್ರಲ್ಲಿ ನಾಲ್ಕು ಜನ ಹೆಂಗಸ್ರು. ಸಂಬಳದ ದಿನ ಬೇರೆ ಜಮಾದಾರ್‌ಗಳು ಕೈಯಿಂದ ಎರಡಾಣೆ ನಾಲ್ಕಾಣೆ ಕಿತ್ಕೊಳೋರು. ನಮ್ಮಪ್ಪ ಒಂದ್ ಕಾಸು ಮುಟ್ತಿರ್ಲಿಲ್ಲ. ಅದನ್ನೂ ಬರಿ." ಉದ್ಯೋಗದ ಖಾನೆ ಎರಡು ಬೆರಳು ಅಗಲ ಇತ್ತು. ಹುಡುಗಿ ಅಕ್ಷರ ಸಣ್ಣದು ಮಾಡಿಕೊಂಡು, ಖಾನೆಯ ಗೆರೆ ದಾಟಿ, ಅಂಚಿನವರೆಗೂ ಬರೆದಳು. ಆ ಹನ್ನೊಂದು ಜನರ ಹೆಸರು ಹೇಳು ಅಜ್ಜಿ ಅಂದಳು. ಚಿಕ್ಕಜ್ಜಿಗೆ ಏಳು ನೆನಪಿಗೆ ಬಂದವು. ಉಳಿದ ನಾಲ್ಕನ್ನು ಆಮೇಲೆ ಫೋನ್ ಮಾಡಿ ಹೇಳುತ್ತೇನೆ ಅಂದಿದ್ದಾರೆ.

ದೊಡ್ಡಪ್ಪ ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಮೊನ್ನೆ ಬಂದವರು ಗೋಡೆಯ ಫೋಟೋ ಇಳಿಸಿ, ಗಾಜು ಒರೆಸಿ, ಮತ್ತೆ ಅದೇ ಮೊಳೆಗೆ ಹಾಕಿ ಹೋದರು.